ಹೊಸ್ತಿಲೊಳಗಿನ ಚಿತ್ರ

"ತಲಿ ವಾಲಾಕತ್ತದ, ಬಿಗೀ ಹಿಡೀಪಾ," ಎಂದರು ಕಾಡಪ್ಪ ಕಾಕಾ.

ದತ್ತು ಕಿಶೋರನ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಕಾಕಾ ತಮ್ಮ ಅಣ್ಣನ ಮಗನಾದ ಅವನ ಎದೆಯ ಸುತ್ತ ಬಿಳಿ ಪಂಚೆ ಬಳಸಿ ಕಿಟಕಿಯ ಸರಳಿಗೆ ಕಟ್ಟಿದರು. ಹಣೆಗೆ ವಿಭೂತಿ ಬಳಿದು ಗೋಡೆಗೆ ಒರಗಿಸಿದ ಮೇಲೆ ಕಿಶೋರ ನಿದ್ದೆಗಣ್ಣಲ್ಲಿ ಚಹಾಕ್ಕೆ ಕಾಯುತ್ತ ಕೂತವನಂತೆ ಕಂಡ. ಡೆಂಗ್ಯೂ ಜ್ವರ ಅವನನ್ನು ಆ ಬೆಳಗಿನ ಜಾವ ಆಸ್ಪತ್ರೆಯಲ್ಲಿ ಮುಗಿಸಿತ್ತು.

ಹೆಂಡತಿ ಸುಮಂಗಲಾ ಪಕ್ಕದಲ್ಲಿ ಕೂತಿದ್ದಳು. ಅಳು ಬಂದಿರಲಿಲ್ಲ. ಹಡಪ್ಸರದ ಆ ಓಣಿಯ ಕೊನೆಯ ಖೋಲಿ, ಒಂದೇ ಕೋಣೆಯ ಮನೆ, ಅವರದು. ಒಳಗೆ ನಾಲ್ಕು ಜನ ಸೇರಿದರೆ ಐದನೆಯವರು ಬಾಗಿಲಲ್ಲೇ ನಿಲ್ಲಬೇಕು.

ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಗೌರಾಬಾಯಿ ಮೂಗೊರೆಸಿಕೊಂಡಳು. "ಕಿಶೋರ ಮಂದಿ ಲಗ್ನದಾಗ ರಾಶಿ ಫೋಟೋ ತೆಗದಾ. ನನ್ನ ಮೊಮ್ಮಗಂದು ಒಂದು ತೆಗಿಯಪ್ಪಾ ಅಂದ್ರ, 'ಖೋಲಿ ಒಳಗ ಕರ್ಕೊಂಡ ಬರ್ರಿ ಮೌಶಿ' ಅಂದಾ. ಕರ್ಕೊಂಡ ಬಂದೆ. ಏನ ಬಂತು? ಬರೇ ಒಂದು ಕಿವಿ!"

ಯಾರೋ ನಕ್ಕರು, ಕೂಡಲೇ ಸುಮ್ಮನಾದರು.

ಕಿಶೋರನ ತಾಯಿ ಶರಣಮ್ಮ ಸೆರಗು ಸರಿ ಮಾಡಿಕೊಂಡರು. "ದತ್ತು, ಫೋಟೋ ತೆಗಿ. ಇವನಪ್ಪ ಹೋದಾಗೂ ಹಿಂಗ ಕುಂದ್ರಿಸಿ, ಎಲ್ಲಾರೂ ಸುತ್ತ ಕುಂತು ತೆಗಸೀವಿ. ಊರಾಗ ಗ್ವಾಡಿ ಮ್ಯಾಲ ಅದ."

ದತ್ತುವೂ ಕಿಶೋರನಂತೆ ಫೋಟೋಗ್ರಾಫರ್, ಮದುವೆಗಳಿಗೆ ಅವನ ಜೊತೆ ಹೋಗುತ್ತಿದ್ದವನು. ಅವನು ಚೀಲ ಬಿಚ್ಚಿದ.

"ಅವರ ಲೆನ್ಸ್ ಹಾಕ್ರಿ," ಎಂದಳು ಸುಮಂಗಲಾ.

"ವೈನಿ, ಅದು ಎಂಬತ್ತೈದು ಎಂಎಂ ಲೆನ್ಸ್. ಮದುಮಗಳ ಮುಖ ಹತ್ತಿರ ತರೂದಕ್ಕ ಇರೂದು. ಈ ಖೋಲ್ಯಾಗ ಅಂವ ಒಬ್ಬಾಂವನೂ ಪೂರ್ತಿ ಹಿಡಿಯಂಗಿಲ್ಲ. ಹೊರಗ ನಿಂತು ತೆಗಿಲೇನು?"

"ಬ್ಯಾಡ. ಒಳಗಿಂದ."

"ನಿನಗೇನಾಗೇದ ಯವ್ವಾ?" ಶರಣಮ್ಮನ ದನಿ ಒಡೆಯಿತು. "ನನಗ ನನ್ನ ಮಗ ಪೂರ್ತಿ ಬೇಕು. ತುಣುಕು ಬ್ಯಾಡ."

*

ಎರಡು ವರ್ಷದ ಹಿಂದೆ ಇಂದಾಪುರದ ಒಂದು ಮದುವೆ ಮುಗಿಸಿ ಬಂದ ಕಿಶೋರ ಹೆಗಲ ಚೀಲವನ್ನೂ ಇಳಿಸದೆ ಕಾಟಿನ ಮೇಲೆ ಕೂತಿದ್ದ.

"ಎಲ್ಲಾ ಮದಿವಿ ಒಂದ ಮದಿವಿ ಆಗ್ಯಾವ ಸುಮಾ. ಮುಖ ನೋಡೂಕಿಂತ ಮೊದಲ ಬಟನ್ ಒತ್ತತೀನಿ."

"ಹಂಗಾರ ಎಲ್ಲ್ಯರ ದೂರ ಹೋಗಿ ಬರ್ರಿ. ಲಡಾಖ್‌ಗೆ ಹೋಗ್ತಾರಲ್ಲ ನಿಮ್ಮ ಫೋಟೋದವರೆಲ್ಲ."

"ದೂರ ಹೋಗೇ ಕಣ್ಣು ಸವದಾವ." ಅವನು ಖೋಲಿಯ ಸುತ್ತ ನೋಡಿದ. "ಇನ್ನ ನನಗಂತ ತೆಗಿಯೂದು ಇಲ್ಲೇ. ಇದೊಂದ ಲೆನ್ಸ್. ಹೊಸ್ತಿಲಾ ದಾಟಂಗಿಲ್ಲ."

ಅವಳು ಹುಚ್ಚು ಎಂದುಕೊಂಡಳು. ಆಮೇಲೆ ಚಿತ್ರಗಳು ಬಂದವು. ಕುಕ್ಕರಿನ ಉಗಿಯ ಹಿಂದೆ ಅವಳ ಕೈ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು. ಬಚ್ಚಲಿನಿಂದ ಬಂದ ಒದ್ದೆ ಹೆಜ್ಜೆ, ಅರ್ಧ ಆರಿದ್ದು. ತಾನು ದಿನವೂ ಇದ್ದ ಜಾಗವನ್ನು ಅವಳು ಅವುಗಳಲ್ಲಿ ಮೊದಲ ಸಲ ಕಂಡಳು.

"ಒಮ್ಮೆರ ನನ್ನ ಪೂರ್ತಿ ತೆಗೀರಿ," ಎಂದಳು ಒಂದು ಭಾನುವಾರ.

ಅವನು ಕಾಟಿನ ಮೇಲೆ ಹತ್ತಿದ, ಕಪಾಟಿಗೆ ಬೆನ್ನು ಹಚ್ಚಿದ, ನೆಲದ ಮೇಲೆ ಮಲಗಿದ. ತಲೆ ಬಂದರೆ ಕಾಲು ಬರಲಿಲ್ಲ.

"ಎರಡು ಹೆಜ್ಜಿ ಹೊರಗ ಹೋಗ್ರಿ. ಯಾರ ನೋಡ್ತಾರ?"

"ನಾ ನೋಡ್ತೀನಲ್ಲ."

"ಹಂಗಾರ ನಾನ ಹೊರಗ ಹೋಗಿ ನಿಲ್ಲತೀನಿ."

"ಬ್ಯಾಡ." ಅವನು ಕ್ಯಾಮೆರಾ ಇಳಿಸಿದ. "ದೂರ ಹೋದ ಮ್ಯಾಲ ಪೂರ್ತಿ ಸಿಕ್ಕರ ಅದರಾಗೇನ ಮಜಾ? ತಗೋ, ನೀ ನನ್ನ ಹಿಡಿ ನೋಡೂಣು."

ಅವಳು ಹಿಂದೆ ಸರಿಯುತ್ತ ಸರಿಯುತ್ತ ಅಕ್ಕಿಯ ಡಬ್ಬಿಯ ಮೇಲೆ ಕೂತುಬಿಟ್ಟಳು. ಚಿತ್ರದಲ್ಲಿ ಬಂದದ್ದು ಅವನ ಮೀಸೆ ಮತ್ತು ನಗು. ಅಂದಿನಿಂದ ಅದು ಅವರಿಬ್ಬರ ಪಂತವಾಯಿತು. ಈ ಖೋಲಿಯಲ್ಲಿ ಯಾರು ಯಾರನ್ನು ಮೊದಲು ಪೂರ್ತಿ ಹಿಡಿಯುತ್ತಾರೆ? ಯಾರೂ ಹಿಡಿದಿರಲಿಲ್ಲ.

*

ದತ್ತು ತನ್ನ ಅಗಲದ ಲೆನ್ಸ್ ಹಾಕಿ ಬಾಗಿಲಲ್ಲಿ ನಿಂತು ಫೋಟೋ ತೆಗೆದ. ಶರಣಮ್ಮ, ಕಾಕಾ, ಸುಮಂಗಲಾ, ನಡುವೆ ಕಿಶೋರ. ಎಲ್ಲರೂ ಪೂರ್ತಿ ಬಂದರು.

"ವಿಮಾನ ಬಂತು," ಎಂದು ಯಾರೋ ಕೂಗಿದರು. ಹೆಣವನ್ನು ಕೂರಿಸಿ ಹೊರುವ, ಬಾಳೆಕಂಬ, ಚೆಂಡುಹೂ ಕಟ್ಟಿದ ಕುರ್ಚಿ ಬಾಗಿಲ ಮುಂದೆ ಇಳಿಯಿತು.

ಸುಮಂಗಲಾ ಎದ್ದು ಕಪಾಟಿನಿಂದ ಆ ಲೆನ್ಸ್ ಹಾಕಿದ್ದ ಕಿಶೋರನ ಕ್ಯಾಮೆರಾ ತೆಗೆದಳು. ಅವನು ಈ ಖೋಲಿಯಿಂದ ಹೊರಗೆ ಹೋಗುವ ಮುಂಚೆ ಒಂದು ಸಲ, ಅವನದೇ ಕಟ್ಟಳೆಯಲ್ಲಿ, ಅವನು ಪೂರ್ತಿ ಸಿಗಬೇಕಿತ್ತು. ಎದುರಿನ ಗೋಡೆಗೆ ಬೆನ್ನು ಒತ್ತಿ ನಿಂತಳು. ವಿಭೂತಿ, ಮುಚ್ಚಿದ ಕಣ್ಣು, ಎದೆಯ ಪಂಚೆ. ಅಷ್ಟೇ. ಇನ್ನೂ ಒತ್ತಿದಳು. ಗೋಡೆ ಸರಿಯಲಿಲ್ಲ.

"ಹೊತ್ತು ಏರ್ತದ ತಂಗಿ," ಎಂದು ಕಾಕಾ ಮೆಲ್ಲಗೆ ಹೇಳಿ ಪಂಚೆಯ ಗಂಟು ಬಿಚ್ಚಿದರು.

ಅವನನ್ನು ಎತ್ತಿ ವಿಮಾನದಲ್ಲಿ ಕೂರಿಸಿದರು. ಭಜನೆಯ ತಾಳ ಮುಂದಾಯಿತು. ಶರಣಮ್ಮ ಬಾಗಿಲಲ್ಲೇ ಕುಸಿದರು, ಗೌರಾಬಾಯಿ ಅವರನ್ನು ತಬ್ಬಿ ಹಿಡಿದಳು. ಸುಮಂಗಲಾ ಹೊಸ್ತಿಲ ಒಳಗೇ ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದಳು.

ಓಣಿ ರಸ್ತೆಗೆ ಸೇರುವಲ್ಲಿ ಕಾಕಾ ಕೈಯೆತ್ತಿದರು. "ನಿಲ್ರಿ. ಮನೀ ಕಡೆ ಮುಖ ಮಾಡ್ರಿ, ಒಮ್ಮೆ ನೋಡ್ಲಿ."

ವಿಮಾನ ತಿರುಗಿತು. ಹಿಂದೆ ಮಗರಪಟ್ಟಾದ ಗಾಜಿನ ಕಟ್ಟಡಗಳು. ಚೌಕಟ್ಟಿನ ನಡುವೆ ಕಿಶೋರ: ತಲೆ, ಹೆಗಲು, ಮಡಚಿದ ಕಾಲು, ಸುತ್ತಲೂ ಇನ್ನೂ ಜಾಗ. ಪೂರ್ತಿ ಬಂದಿದ್ದ.

ಅವಳ ಬೆರಳು ಬಟನ್ನಿನ ಮೇಲಿತ್ತು. ದೂರ ಹೋದ ಮೇಲೆ ಸಿಕ್ಕಿದ್ದ; ಒತ್ತಲಿಲ್ಲ.

ಹೊಸ್ತಿಲು ದಾಟಿದಳು. ಬರಿಗಾಲಲ್ಲಿ, ಕ್ಯಾಮೆರಾ ಕಣ್ಣಿನಿಂದ ಇಳಿಸದೆ ಓಣಿಯುದ್ದಕ್ಕೂ ನಡೆದಳು. ಜನ ದಾರಿ ಬಿಟ್ಟರು. ಮೊದಲು ಬಾಳೆಕಂಬ ಚೌಕಟ್ಟಿನಾಚೆ ಹೋಯಿತು, ಆಮೇಲೆ ಕಾಲು, ಆಮೇಲೆ ತಲೆ.

"ವೈನಿ, ಭಾಳ ಹತ್ತಿರ ಬಂದ್ರಿ," ವಿಮಾನಕ್ಕೆ ಹೆಗಲು ಕೊಟ್ಟಿದ್ದ ದತ್ತು ಹೇಳಿದ. "ಪೂರ್ತಿ ಹಿಡಿಯಂಗಿಲ್ಲ."

ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟು ಬಟನ್ ಒತ್ತಿದಳು. ಮಂಡಿಯ ಮೇಲೆ ಒಂದು ಕೈ. ಮಣಿಕಟ್ಟಿನಲ್ಲಿ ಸಲೈನಿನ ಪಟ್ಟಿ ಕಿತ್ತ ಅಂಟು. ಆ ಅಂಟಿಗೆ ಹತ್ತಿಕೊಂಡು ಗಾಳಿಗೆ ಅಲುಗುತ್ತಿದ್ದ ಚೆಂಡುಹೂವಿನ ಒಂದು ಎಸಳು.