ಬೇರೆ ಸಾಲಿನ ನಂಬರು

ಗಂಡ ತೀರಿಹೋದ ಮೇಲೆ ಅವನ ಕುರ್ಚಿಯಲ್ಲಿ ಅವಳನ್ನು ಕೂರಿಸಿದ್ದು ಪ್ರೀತಿಯಿಂದಲ್ಲ. ಲೇಬಲ್ ಅಚ್ಚು ಹಾಕುವ ಯಂತ್ರವನ್ನು ನಡೆಸುತ್ತಿದ್ದ ಹಳೆಯ ಯುನಿಕ್ಸ್ ಕಂಪ್ಯೂಟರಿನ ಭಾಷೆ ಆ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಮೌಸ್ ಇಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ತುಂಬ ಬರೀ ಅಕ್ಷರ. ಲಾಗಿನ್ ಇನ್ನೂ ಗಂಡನ ಹೆಸರಿನಲ್ಲೇ ಇತ್ತು. ಪ್ರೆಸ್ಸಿನ ಯಜಮಾನಿಕೆ ಮಾತ್ರ ಅವನ ಅಣ್ಣನದು. ಮನೆಯಲ್ಲಿ ಅತ್ತೆಯ ಬಾಯಿಗೆ ಸಿಕ್ಕುವುದಕ್ಕಿಂತ ಶಾಯಿಯ ವಾಸನೆಯೇ ವಾಸಿ ಎಂದು ಅವಳು ಬರುತ್ತಿದ್ದಳು.

ಈಗ ಭಾವನಿಗೆ ಆಫೀಸಿನ ತನ್ನ ಮೇಜಿನಿಂದಲೇ ಯಂತ್ರ ನಡೆಸುವ ಆಸೆ ಹುಟ್ಟಿತ್ತು. ಕಂಪ್ಯೂಟರಿನಲ್ಲಿದ್ದ ಒಂದೇ ನೆಟ್‌ವರ್ಕ್ ಕಾರ್ಡು ಅಚ್ಚಿನ ಯಂತ್ರದ ವೈರಿನ ಪಾಲಾಗಿತ್ತು. ಆಫೀಸಿಗೆಂದು ಎರಡನೆಯದನ್ನು ತಂದುಕೊಟ್ಟ. ಅದನ್ನು ಹೊಂದಿಸಿದರೆ ತನ್ನ ಕುರ್ಚಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಗದು ಎಂದರೆ ಹಳೆಯ ಪೆಟ್ಟಿಗೆ ಗುಜರಿಗೆ, ಅದರ ಬೆನ್ನಿಗೇ ಅವಳೂ ಮನೆಗೆ.

“ಮೊದಲನೇದು ಗಟ್ಟಿಮುಟ್ಟಾಗಿರೋವಾಗ್ಲೇ ಎರಡನೇ ಸಂಬಂಧ ತಂದ್ರು ನೋಡು,” ಎಂದು ಬೈಂಡಿಂಗ್ ಮೇಷ್ಟ್ರು ನಕ್ಕರು. ಎದುರಿಗಿರುವವಳು ಯಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಅವಳು ಕಾರ್ಡಿನ ತಿರುಪು ಬಿಗಿ ಮಾಡಿದಳು.

ಪ್ರತಿ ಕಾರ್ಡಿಗೂ ಮನೆ ವಿಳಾಸದಂಥ ಒಂದು ನಂಬರು ಬೇಕು. ಹೊಸದಕ್ಕೆ ಹಳೆಯದರ ಸಾಲಿನದೇ ಇರಲಿ, ಕೊನೆಯ ಅಂಕಿ ಬದಲಾದರೆ ಸಾಕು ಎಂದು ಭಾವ ಹಟ ಹಿಡಿದ. ಒಂದೇ ಮನೆಯ ಪ್ರೆಸ್ಸು, ಒಂದೇ ಮನೆಯ ಆಫೀಸು.

“ಹಾಗೆ ನಡೆಯಲ್ಲ ಭಾವ. ಇದಕ್ಕೆ ಬೇರೆ ಸಾಲೇ ಕೊಡ್ಬೇಕು.”

“ಬೇರೆ ಅನ್ನೋದು ನಿನ್ನ ಬಾಯಿಗೆ ಬಲು ಬೇಗ ಬರತ್ತೆ.”

ಬೇರೆ ಮನೆ ಮಾಡುತ್ತೇನೆಂದು ಅವಳು ಒಮ್ಮೆ ಹೇಳಿದ್ದಳು. ಅದನ್ನು ಅವನು ಮರೆತಿರಲಿಲ್ಲ. ಅವನು ಹೇಳಿದ್ದನ್ನೇ ಟೈಪು ಮಾಡಿದಳು.

ಹಸಿರು ದೀಪವೇನೋ ಹತ್ತಿತು. ಆದರೆ ಆಫೀಸಿನಿಂದ ಬಂದ ಮಾತಿಗೆ ಕಂಪ್ಯೂಟರು ಮೊದಲ ಕಾರ್ಡಿನಿಂದ, ಅಚ್ಚಿನ ಯಂತ್ರದ ಕಡೆ ಉತ್ತರ ಕಳಿಸುತ್ತಿತ್ತು. ಎರಡು ಬಾಗಿಲಿಗೂ ಒಂದೇ ಬೀದಿಯ ಹೆಸರಿದ್ದರೆ ಅದಾದರೂ ಏನು ಮಾಡೀತು? ಭಾವ ಅರ್ಧ ದಿನ ವೈರು ಕೀಳುತ್ತ, ಚುಚ್ಚುತ್ತ, ಕಾರ್ಡು ಮಾರಿದವನ ವಂಶವನ್ನೆಲ್ಲ ಜಾಲಾಡಿದ. ಕೊನೆಗೆ ನೀನೇ ಏನಾದರೂ ಮಾಡು ಎಂದು ಕೈಚೆಲ್ಲಿದ.

ಹೊಸ ಕಾರ್ಡಿಗೂ ಅವನ ಕಂಪ್ಯೂಟರಿಗೂ ಬೇರೆ ಸಾಲಿನ ನಂಬರು ಕೊಟ್ಟಳು. ಅವನು ಮೇಜಿನಲ್ಲಿ ಕೂತು ಕೀಲಿ ಒತ್ತಿದ. ಇಲ್ಲಿ ಲೇಬಲ್ಲುಗಳು ಉರುಳಿ ಬಂದವು. ಮುಖವೆಲ್ಲ ಬಾಯಾಗಿ ಓಡಿಬಂದ.

“ಇನ್ನೇನು, ಎಲ್ಲಾ ನನ್ನ ಕೈಗೇ ಬಂತಲ್ಲ. ನಾಳೆಯಿಂದ ಮನೇಲಿ ಅಮ್ಮನ ಜೊತೆ ಆರಾಮಾಗಿರಮ್ಮ.”

ಅವಳು ಪರದೆಯತ್ತ ತಿರುಗಿದಳು. ಬಾಯಿಮಾತಿನಂತೆ ಕೊಟ್ಟ ನಂಬರು ಕಂಪ್ಯೂಟರು ಎಚ್ಚರವಿರುವ ತನಕ ಮಾತ್ರ. ಏಳುವಾಗಲೆಲ್ಲ ಅದು ಓದಿಕೊಳ್ಳುವ ಫೈಲಿನಲ್ಲಿ ಬರೆದರಷ್ಟೇ ಉಳಿಯುತ್ತದೆ. ಆ ಫೈಲು ತೆರೆದೇ ಇತ್ತು. ಹೊಸ ನಂಬರು ಟೈಪೂ ಆಗಿತ್ತು. ಉಳಿಸದೆ ಫೈಲು ಮುಚ್ಚಿದಳು.

ಬಾಗಿಲು ಹಾಕುವಾಗ ಭಾವ ತಾನೇ ಮೇನ್ ಸ್ವಿಚ್ ಆರಿಸಿದ. ಬೆಳಿಗ್ಗೆ ತನ್ನನ್ನು ಕರೆಯುತ್ತಾರೆ ಎಂಬುದು ಅವಳಿಗೆ ಖುಷಿಯನ್ನೇನೂ ಕೊಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಮನೆಯ ಕಡೆ ನಡೆದಳು.