ಮೊಣಕೈಯಕ್ಕ

ನಮ್ಮ ನಾದಿನಿ ಬಾಗಿಲನ್ನು ಕೈಯಿಂದ ತೆರೆದದ್ದನ್ನು ಕಂಡವರು ವಿರಳ. ಬಾಗಿಲಾಗಲಿ, ನಲ್ಲಿಯಾಗಲಿ, ದೀಪದ ಸ್ವಿಚ್ಚಾಗಲಿ, ಅವಳಿಗೆ ಎಲ್ಲಕ್ಕೂ ಮೊಣಕೈಯೇ. ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳು ಬಿಡಿಸಿ, ಯಾವ ಗೋಡೆಗೂ ಯಾರ ಸೆರಗಿಗೂ ತಾಗದಂತೆ ಅವಳು ಬೀದಿಯಲ್ಲಿ ನಡೆದು ಬರುತ್ತಿದ್ದರೆ, ಅರಿಯದವರು ಪಾಪ ಕೈ ಸುಟ್ಟುಕೊಂಡಿದ್ದಾಳೆಂದು ಮರುಗುತ್ತಿದ್ದರು. ಎಳೆಮಕ್ಕಳ ತಲೆಯನ್ನು ಸವರುವುದೂ ಮೊಣಕೈಯಿಂದಲೇ. ಓಣಿಯವರು ಇಟ್ಟ ಹೆಸರು ಮೊಣಕೈಯಕ್ಕ. "ಕರೀಲಿ ಬಿಡಿ ಅತ್ತಿಗೆ, ಕೈ ಕೊಟ್ಟೋಳು ಅನ್ನಿಸಿಕೊಳ್ಳೋದಕ್ಕಿಂತ ವಾಸಿ," ಎನ್ನುವಳು.

ಕೋಳಿ ಕೊಯ್ದು, ಶುಚಿಮಾಡಿ, ಪೊಟ್ಟಣ ಕಟ್ಟಿ ಕಳಿಸುವ ಕಾರ್ಖಾನೆಯಲ್ಲಿ ಅವಳದು ಕರುಳು ತೆಗೆಯುವ ಮೇಜು. ನಮ್ಮವರು ತೀರಿಕೊಂಡ ಮೇಲೆ ನನ್ನನ್ನೂ ಅಲ್ಲಿಗೆ ಸೇರಿಸಿ, ಸಾಲಿನ ಕೊನೆಯ ಪೊಟ್ಟಣದ ಮೇಜಿಗೆ ನಿಲ್ಲಿಸಿದವಳೂ ಅವಳೇ. ಕರುಳು ಇಡಿಯಾಗಿ ಬರಬೇಕು. ಹರಿಯಿತೋ, ಒಳಗಿನ ಹೊಲಸಿನ ಜೊತೆ ಕಣ್ಣಿಗೆ ಕಾಣದ ರೋಗಾಣುಗಳೂ ಮಾಂಸಕ್ಕೆ ಇಳಿಯುತ್ತವೆ. ಅವಳ ಬಳಿ ಸದಾ ಎರಡು ಚಾಕು, ಒಂದು ಕೈಯಲ್ಲಿ, ಇನ್ನೊಂದು ಪಕ್ಕದ ಕುದಿನೀರಿನಲ್ಲಿ. ಕೋಳಿ ಬದಲಾದಂತೆ ಚಾಕೂ ಬದಲು. ಅವಳ ಬೆರಳುಗಳು ಒಳಗೆ ಹೋಗಿ, ಒಂದು ಕ್ಷಣ ಕಿವಿಗೊಟ್ಟಂತೆ ನಿಂತು, ಆಮೇಲೆ ನಿದ್ದೆ ಹೋದ ಕೂಸನ್ನು ಮಡಿಲಿನಿಂದ ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ ಎಲ್ಲವನ್ನೂ ಹೊರಗೆ ತರುತ್ತಿದ್ದವು. "ಕಾಣೋ ಕೊಳೆಗೆ ನಾನು ಹೆದರಲ್ಲ. ಅದು ಪಾಪ, ತಾನೇ ಬಂದು ಹೇಳ್ಕೊಳ್ಳುತ್ತೆ," ಎಂಬುದು ಅವಳ ಮಾತು.

ಹೆದರಿಕೆ ಅವಳ ಹುಟ್ಟುಗುಣವೇ ಇರಬಹುದು, ಆದರೆ ನಾನು ಅದರ ಪೂರ್ಣರೂಪ ಕಂಡದ್ದು ಕೋಳಿಯ ಲಾರಿ ತಡವಾಗಿ ಬಂದ ಆ ಸಲ. ದಾರಿಯಲ್ಲಿ ಕೆಟ್ಟು ನಿಂತ ಲಾರಿಯಲ್ಲಿ ಕೋಳಿಗಳು ಹಸಿದು ಹಸಿದು, ಅವುಗಳ ಕರುಳು ನೆನೆದ ಕಾಗದದಂತಾಗಿತ್ತು; ಎಷ್ಟು ಜೋಪಾನ ಮಾಡಿದರೂ ಹರಿಯುತ್ತಿತ್ತು. ಹರಿದವನ್ನೆಲ್ಲ ಅವಳು ಬೇರೆ ತೊಟ್ಟಿಗೆ ಹಾಕಿ, ಬಿಸಾಡಲು ಹೇಳಿ ಮನೆಗೆ ಬಂದಳು. ಬರುವಾಗ ಒಳ್ಳೆಯ ಪೊಟ್ಟಣವೊಂದನ್ನು ತಂದು, ತುಂಬು ಬಸುರಿಯಾಗಿದ್ದ ಮಗಳ ಮನೆಗೆ ಕೊಟ್ಟೂ ಆಯಿತು.

ಮರುದಿನ ಮೇಸ್ತ್ರಿ ನಿರಾಳವಾಗಿ ಹೇಳಿದ: "ಅಷ್ಟೊಂದು ಕೋಳಿ ಯಾಕೆ ಬಿಸಾಡಬೇಕಕ್ಕ? ನೀವು ಪಕ್ಕಕ್ಕೆ ಹಾಕ್ತಿದ್ದ ಹಾಗೇ ಪೈಪ್ ಹಿಡಿದು ಚೆನ್ನಾಗಿ ತೊಳೆದು ತಣ್ಣೀರ ತೊಟ್ಟಿಗೆ ಬಿಟ್ವಿ."

"ಎಲ್ಲಾದರ ಜೊತೆಗೆ?"

"ತೊಳೆದಿದ್ದೀವಲ್ಲಕ್ಕ."

ಪೊಟ್ಟಣಕ್ಕೆ ಹೋಗುವ ಮೊದಲು ಎಲ್ಲ ಕೋಳಿಯೂ ತಣಿಯುವುದು ಒಂದೇ ತೊಟ್ಟಿಯಲ್ಲಿ, ಒಂದೇ ನೀರಲ್ಲಿ. ಅವಳು ಆಫೀಸಿನ ಬಾಗಿಲನ್ನು ಮೊಣಕೈಯಿಂದ ತಳ್ಳಿ, ಹೇಳಬೇಕಾದ್ದನ್ನು ಹೇಳಿ, ಹಿಂದಿನ ದಿನದ ಸರಕನ್ನೆಲ್ಲ ತಡೆಸಿದಳು. ತಡೆಯಲಾಗದೆ ಹೊರಗೆ ಹೋಗಿದ್ದ ಪೊಟ್ಟಣ ಒಂದೇ, ಅವಳೇ ಕೊಟ್ಟದ್ದು.

ಮಗಳ ಮನೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಅಲ್ಲಿಗೆ ಹೊರಟ ಬಸ್ಸಿನಲ್ಲಿ ಪಕ್ಕ ಕೂತಿದ್ದ ನನಗೆ ಅವಳ ಎದೆ ಅವಲಕ್ಕಿ ಕುಟ್ಟುವುದು ಕೇಳಿಸುವಂತಿತ್ತು. "ಬೆಂದರೆ ಭಯವಿಲ್ಲ ಅತ್ತಿಗೆ. ಬೇಯಿಸೋಕೆ ಮುಂಚೆ ತೊಳೀತಾರಲ್ಲ, ಅದೇ ಭಯ. ನಮ್ಮ ಬೀಗಿತ್ತಿ ಕೈ ಗೊತ್ತಲ್ಲ ನಿಮಗೆ."

ಗೊತ್ತಿತ್ತು. ಮಗಳ ಅತ್ತೆ ತೊಳೆಯಲು ನಿಂತರೆ ಪಾತ್ರೆಯ ಕಲಾಯಿಯೂ ಕಿತ್ತು ಬರಬೇಕು. ನಾವು ಹೋದಾಗಲೂ ಆಕೆ ನಲ್ಲಿಯನ್ನು ಪೂರ್ತಿ ತಿರುಗಿಸಿ, ಧೋ ಎನ್ನುವ ನೀರಿನಡಿ ಕೋಳಿಯನ್ನು ತಿರುಗಿಸಿ ಮುರುಗಿಸಿ ತಿಕ್ಕುತ್ತಿದ್ದರು. ಹನಿಗಳು ಕಟ್ಟೆಯ ಮೇಲೆಲ್ಲ ಸಿಡಿಯುತ್ತಿದ್ದವು. ಪಕ್ಕದಲ್ಲೇ ಹೆಚ್ಚಿಟ್ಟ ಸೌತೆಕಾಯಿಯ ತಟ್ಟೆ. ನಾದಿನಿ ಮೊಣಕೈಯಿಂದ ನಲ್ಲಿ ನಿಲ್ಲಿಸಿ, ತಟ್ಟೆಯನ್ನೆತ್ತಿ ಕಸದ ಬುಟ್ಟಿಗೆ ಸುರಿದಳು.

"ಏನ್ರೀ ಇದು, ಮನೆಗೆ ಬಂದು?"

"ತೊಳೀಬಾರದು ಬೀಗಿತ್ತಿ. ತೊಳೆದರೆ ಹೋಗಲ್ಲ, ಹರಡುತ್ತೆ."

"ಕರುಳು ಕೀಳೋರು ನನಗೆ ಶುಚಿ ಹೇಳಿಕೊಡ್ತೀರಾ? ಮೂರು ನೀರಲ್ಲಿ ತೊಳೆದಿದ್ದೀನಿ."

ಅಷ್ಟರಲ್ಲಿ ಮಗಳು ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲಿ ನಿಂತು, "ಯಾಕಮ್ಮ ಚೆಲ್ಲಿದೆ? ಚೆನ್ನಾಗಿತ್ತು. ನಾನು ಎರಡು ಹೋಳು ತಿಂದೆ," ಎಂದಳು.

ನಾದಿನಿಯ ಕೈಗಳು ಕೆಳಗೆ ಬಿದ್ದವು. ಅವು ಹಾಗೆ ಜೋತುಬಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ತಾನೇ ಬಿಸಿನೀರು ಕಾಯಿಸಿ, ಸೋಪು ಹಾಕಿ ಕಟ್ಟೆ ಉಜ್ಜಿ, ಕೋಳಿಯನ್ನು ಒಲೆಗೇರಿಸಿ, ಮೂಳೆಯ ಬುಡದ ಕೆಂಪೂ ಹೋಗುವವರೆಗೆ ಬೇಯಿಸಿಟ್ಟು ಬಂದಳು. ಬೀಗಿತ್ತಿ ಬಾಗಿಲವರೆಗೂ ಬರಲಿಲ್ಲ.

ಈ ರೋಗಾಣುಗಳು ಹೊಟ್ಟೆ ಸೇರಿದ ಕೂಡಲೇ ಕೂಗಿ ಹೇಳುವುದಿಲ್ಲ. ಕೆಲವು ದಿನ ಸದ್ದಿಲ್ಲದೆ ಇದ್ದು ಆಮೇಲೆ ಜ್ವರವೋ ಭೇದಿಯೋ ಆಗಿ ಏಳುತ್ತವೆ. ಆ ದಿನಗಳಲ್ಲಿ ನಾದಿನಿಯ ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ಬೆಳಗಾದರೆ ಫೋನು. "ಹೊಟ್ಟೆ ಹೇಗಿದೆಯೇ?" "ದೊಡ್ಡದಾಗಿದೆಯಮ್ಮ, ಇನ್ನು ಹೇಗಿರುತ್ತೆ?" ಮಗಳು ನಗುವಳು, ಇವಳು ಆ ನಗೆಯಲ್ಲೂ ಸುಸ್ತನ್ನು ಹುಡುಕುವಳು. ವೈದ್ಯರಿಗೆ ತೋರಿಸಿದ್ದಾಯಿತು, ಅವರೂ ಕಾದು ನೋಡಿ ಎಂದರು. ಕಾಯುವುದು ಮಾತ್ರ ಅವಳ ಕಸುಬಲ್ಲ. ಕೈಗೆ ಕೆಲಸವಿಲ್ಲದೆ ಕಾಯುವಾಗ ಅವಳು ಕಣ್ಣೆದುರೇ ಕೃಶಳಾದಳು.

ಏನೂ ಆಗಲಿಲ್ಲ. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ನೋಡಲು ಹೋದಾಗ, ಅಷ್ಟು ದಿನ ಬಿಗಿದುಕೊಂಡಿದ್ದ ಬೀಗಿತ್ತಿಯೇ ಕೂಸನ್ನು ಎತ್ತಿಕೊಂಡು ಬಂದರು. ನಾದಿನಿ ಮೊಣಕೈ ಚಾಚಲಿಲ್ಲ. ಎರಡೂ ಅಂಗೈ ಒಡ್ಡಿದಳು. ಬೀಗಿತ್ತಿ ಕೂಸನ್ನು ಹಾಗೇ ಎದೆಗವಚಿಕೊಂಡು, ತುಟಿಯಂಚಿನಲ್ಲಿ ಕೇಳಿದರು: "ಕೈ ತೊಳ್ಕೊಂಡ್ರಾ?"

ತೊಳೆದೇ ಬಂದಿದ್ದಳು, ನಾನು ನೋಡಿದ್ದೆ. ಆದರೂ ನಾದಿನಿ ಮರಳಿ ಬಚ್ಚಲಿಗೆ ಹೋಗಿ, ಮೊಣಕೈಯಿಂದ ನಲ್ಲಿ ತಿರುಗಿಸಿದಳು.

ಆ ಸೌತೆಕಾಯಿಯಲ್ಲಿ ಏನಾದರೂ ಇತ್ತೋ ಇಲ್ಲವೋ, ಇಂದಿಗೂ ಯಾರಿಗೂ ಗೊತ್ತಿಲ್ಲ. ಬೀಗರ ಮನೆಯಲ್ಲಿ ಅದು, ಬಂದವರು ಊಟದ ತಟ್ಟೆ ಚೆಲ್ಲಿಹೋದ ಕಥೆಯಾಗಿ ಉಳಿದಿದೆ. ಕೇಡನ್ನು ಬಾಗಿಲ ಹೊರಗೇ ನಿಲ್ಲಿಸುವವರ ಪಾಡೇ ಇದು: ಅವರ ಅಂಜಿಕೆ ಮಾತ್ರ ಲೋಕದ ಕಣ್ಣಿಗೆ ಬೀಳುತ್ತದೆ, ಅಂಜಿಕೆ ಕಾಯ್ದದ್ದು ಬೀಳುವುದಿಲ್ಲ. ಬಾರದೆ ಹೋದ ಜ್ವರಕ್ಕೆ ಹೆಸರಿಲ್ಲ, ಅದನ್ನು ತಡೆದವರಿಗೂ ಹೆಸರಿಲ್ಲ. ಇದ್ದರೆ, ಓಣಿಯವರು ನಗುತ್ತ ಇಟ್ಟ ಅಡ್ಡಹೆಸರೊಂದು.