ಗೇಣುದ್ದದ ದಾರ

ದೇಶದ ಮೊದಲ ಬಾವುಟದ ಬೆನ್ನನ್ನು ನಾನು ಮೊದಲ ಸಲ ಕಂಡದ್ದು ಸೋಮವಾರ, ಬೆಳಗಿನ ಹನ್ನೊಂದರ ಹೊತ್ತಿಗೆ. ಗುರುವಾರ ಅದಕ್ಕೆ ನೂರು ತುಂಬುವುದಿತ್ತು. ಅಷ್ಟರೊಳಗೆ ಹಳೆಯ ಲೈನಿಂಗ್ ಬಟ್ಟೆ ತೆಗೆದು, ಹೊಸದನ್ನು ಹೊಲಿದು, ಗಾಜಿನ ಪೆಟ್ಟಿಗೆಗೆ ಏರಿಸಬೇಕು. ವಸ್ತುಸಂಗ್ರಹಾಲಯದ ಬಟ್ಟೆ ರಿಪೇರಿ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಇರುವ ನನಗೆ ಅದು ದೊಡ್ಡ ಕೆಲಸವೇನಲ್ಲ, ದೊಡ್ಡ ಗೌರವ ಮಾತ್ರ.

ಹಳೆಯ ಲೈನಿಂಗನ್ನು ಅರವತ್ತು ವರ್ಷದ ಹಿಂದೆ ಯಾರೋ ಅಂಟು ಹಚ್ಚಿ ಮೆತ್ತಿಬಿಟ್ಟಿದ್ದರು. ಒದ್ದೆ ಕಾಗದ ಇಟ್ಟು, ಅಂಟು ಮೆತ್ತಗಾಗುವವರೆಗೆ ಕಾದು, ತೆಳು ಅಲಗಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದೆ. ಮುಂಭಾಗ ಎಲ್ಲರಿಗೂ ಗೊತ್ತು: ಹಸಿರು ಬಟ್ಟೆ, ನಡುವೆ ಬಿಳಿ ದೋಣಿ, ಮೇಲೆ ಏಳು ನಕ್ಷತ್ರ. ಶಾಲೆಯ ಗೋಡೆಯ ಮೇಲಿದೆ, ಅಂಚೆಚೀಟಿಯ ಮೇಲಿದೆ, ಬೆಂಕಿಪೊಟ್ಟಣದ ಮೇಲೂ ಇದೆ. ಹಿಂಭಾಗವನ್ನು ಮಾತ್ರ ಅರವತ್ತು ವರ್ಷದಿಂದ ಯಾರೂ ನೋಡಿರಲಿಲ್ಲ.

ಮೊದಲಿಗೆ ಏನೂ ಅನ್ನಿಸಲಿಲ್ಲ. ಅಚ್ಚುಕಟ್ಟಾದ ಕೈ ಅಂದುಕೊಂಡೆ, ಅಷ್ಟೆ. ಆಮೇಲೆ ಭೂತಗನ್ನಡಿ ಹಿಡಿದು ದೋಣಿಯ ಅಂಚಿಗೆ ಬಂದೆ. ದಾರ ನಾಲ್ಕು ಬೆರಳು ದೂರ ಹೋಗಿ ಮುಗಿದಿತ್ತು. ಹೊಸ ದಾರದ ತುದಿ ಹಳೆಯದರ ಬಾಲದಡಿ ಮೂರು ಸಲ ನುಸುಳಿ ಮುಂದಕ್ಕೆ ಹೋಗಿತ್ತು. ಗಂಟಿಲ್ಲ. ಮತ್ತೆ ನಾಲ್ಕು ಬೆರಳು, ಮತ್ತೆ ಅದೇ. ಇಡೀ ದೋಣಿ, ಏಳೂ ನಕ್ಷತ್ರ, ಎಲ್ಲವೂ ಹಾಗೆಯೇ.

ಗುರುತಿಲ್ಲದ ಊರಿನ ಗುಂಪಿನಲ್ಲಿ ಯಾರೋ ನನ್ನನ್ನು ಮನೆಯಲ್ಲಿ ಮಾತ್ರ ಕರೆಯುವ ಹೆಸರಿನಿಂದ ಕೂಗಿದಂತಾಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ.

ಆ ಜೋಡಣೆ ನನಗಿಂತ ಮೊದಲು ನನ್ನ ಬೆರಳಿಗೆ ಗೊತ್ತು. ಅಮ್ಮ ಅದನ್ನು ‘ತಾಯಿ-ಮಗಳು’ ಅನ್ನುತ್ತಾಳೆ. ಹಳೆಯ ದಾರ ತಾಯಿ, ಹೊಸದು ಮಗಳು. ತಾಯಿ ಕೈ ಹಿಡಿದುಕೊಂಡ ಮೇಲೆ ಗಂಟು ಯಾಕೆ? ಹೊಳೆಯಾಚೆಯ ನಮ್ಮ ಹೆಂಗಸರು ಈಚೆಯವರ ಮನೆಗಳಿಗೆ ಹೊಲಿಗೆಗೆ ಹೋಗುತ್ತಿದ್ದ ಕಾಲದಲ್ಲಿ ದಾರದ ಉಂಡೆ ಯಜಮಾನಿಯ ಪೆಟ್ಟಿಗೆಯಲ್ಲಿ ಬೀಗದೊಳಗಿರುತ್ತಿತ್ತಂತೆ. ಕಪ್ಪು ಕೈಗೆ ಉಂಡೆ ಕೊಟ್ಟರೆ ಅರ್ಧ ದಾರ ಹೊಳೆ ದಾಟಿ ಹೋಗುತ್ತದೆ ಎಂದು ಬೆಳ್ಳಗಿನ ಆ ಜನ ನಂಬಿದ್ದರು. ಅದಕ್ಕೇ ಗೇಣುದ್ದ ಅಳೆದು ಕತ್ತರಿಸಿ ಕೊಡುವುದು. ನಾಲ್ಕು ಬೆರಳು ಹೊಲಿಯುವುದರೊಳಗೆ ಅದು ಮುಗಿಯುವುದು. ಮುಗಿದರೆ ಎದ್ದು ಹೋಗಿ, ಬಾಗಿಲಲ್ಲಿ ನಿಂತು, ಮತ್ತೆ ಕೇಳುವುದು. ಗಂಟು ಹಾಕಿದರೆ ಅಷ್ಟು ದಾರ ದಂಡ. ಹಾಗೆ ಹುಟ್ಟಿದ ಜೋಡಣೆ ಅದು. ಕಪಾಟು ತುಂಬ ದಾರವಿರುವ ಈ ಕೋಣೆಯಲ್ಲೂ ನನ್ನ ಕತ್ತರಿ ಗೇಣಿಗೇ ನಿಲ್ಲುತ್ತದೆ. ದೊಡ್ಡ ಮೇಡಂ ಅದಕ್ಕೆ ಎಷ್ಟು ಸಲ ನಕ್ಕಿಲ್ಲ! “ಏನಮ್ಮ ಜಿಪುಣಿ, ಧಾರಾಳವಾಗಿ ತಗೋ, ಸರ್ಕಾರದ್ದು.”

ದೊಡ್ಡ ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ಕೆಟ್ಟವರಲ್ಲ. ಗೇಟಿನ ಕಾವಲುಗಾರ ಎಲ್ಲರನ್ನೂ ಬಿಟ್ಟು ನನ್ನ ಚೀಲವನ್ನೇ ತಡಕುತ್ತಾನೆಂದು ಒಮ್ಮೆ ಅವನಿಗೆ ಬೈದಿದ್ದರು. ಈಚೆಯ ಸಹೋದ್ಯೋಗಿಗಳನ್ನೆಲ್ಲ ‘ನೀವು’ ಎನ್ನುವವರು ನನ್ನನ್ನು ಮಾತ್ರ ‘ನೀನು’ ಎನ್ನುತ್ತಾರೆ. ಅದರಲ್ಲಿ ಪ್ರೀತಿಯೂ ಇಲ್ಲದಿಲ್ಲ. ಪ್ರತಿ ವರ್ಷ ನನ್ನ ಕೆಲಸ ಮುಂದುವರಿಯುವುದು ಅವರ ಸಹಿಯಿಂದ.

ಬಾವುಟದಮ್ಮನ ಕಥೆಯನ್ನು ಇಲ್ಲಿ ಮಾತು ಬರುವ ಮೊದಲೇ ಕಲಿಸುತ್ತಾರೆ. ದೇಶ ಹುಟ್ಟುವ ಹಿಂದಿನ ರಾತ್ರಿ, ಮೊದಲ ನಾಯಕನ ಹೆಂಡತಿ ತನ್ನ ಮದುವೆಯ ಬಟ್ಟೆ ಕತ್ತರಿಸಿ, ಬೆಳಗಾಗುವುದರೊಳಗೆ ಒಬ್ಬಳೇ ಕೂತು ಬಾವುಟ ಹೊಲಿದಳು. ಹೊಳೆಯಾಚೆಯ ಹುಡುಗಿಯೊಬ್ಬಳು ದೀಪ ಹಿಡಿದು ನಿಂತಿದ್ದಳು. ‘ಹೊಲಿದ ಕೈ ಒಂದೇ, ಬಟ್ಟೆ ಒಂದೇ, ನಾವೆಲ್ಲ ಒಂದೇ.’ ನಮ್ಮವರು ಏನು ಕೇಳಿದರೂ ಈ ಸಾಲೇ ಉತ್ತರ. ಆಚೆ ದಡಕ್ಕೊಂದು ಆಸ್ಪತ್ರೆ ಬೇಕು ಎಂದಾಗ, ನಮ್ಮ ಮುಖ ಕಂಡ ಕೂಡಲೇ ಬಾಡಿಗೆಮನೆ ಖಾಲಿ ಇಲ್ಲ ಅನ್ನುತ್ತಾರೆ ಎಂದಾಗ, ‘ಒಂದೇ ಬಟ್ಟೆಯನ್ನು ಯಾಕೆ ಹರಿಯುತ್ತೀರಿ’ ಎಂದು ಪತ್ರಿಕೆಗಳು ಬುದ್ಧಿ ಹೇಳುತ್ತಿದ್ದವು.

ಶಾಲೆಯ ನಾಟಕದಲ್ಲಿ ದೀಪ ಹಿಡಿಯುವ ಪಾತ್ರ ಯಾವಾಗಲೂ ನಮ್ಮಲ್ಲೊಬ್ಬಳಿಗೆ. ಬಣ್ಣ ಹಚ್ಚುವ ಖರ್ಚಿಲ್ಲ. ನಾನು ಮಾತ್ರ ದೀಪ ಹಿಡಿಯಲಿಲ್ಲ. ನನ್ನ ಮಾತು ಸ್ಪಷ್ಟ ಎಂದು ಹತ್ತನೇ ವಯಸ್ಸಿನಲ್ಲಿ ಇಡೀ ಕಥೆಯನ್ನು ನನ್ನಿಂದಲೇ ಹೇಳಿಸಿದರು. ಕೊನೆಯ ಬೆಂಚಿನಲ್ಲಿ ಕೂತ ಅಮ್ಮ ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಲೇ ಇದ್ದಳು. ಬದುಕಿನಲ್ಲಿ ಧೈರ್ಯ ಕುಂದಿದಾಗಲೆಲ್ಲ ನಾನು ಆ ಚಪ್ಪಾಳೆಯನ್ನು ನೆನಪಿಸಿಕೊಂಡಿದ್ದೇನೆ.

ಅಂದು ಸಂಜೆ ಮನೆಗೆ ಬಂದಾಗ ಅಮ್ಮ ಕಿಟಕಿಯ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದಳು. ಚಪ್ಪಲಿ ಬಿಡುತ್ತಲೇ ಹೇಳಿದೆ.

“ಅಮ್ಮ, ಬಾವುಟ ಹೊಲಿದಿದ್ದು ನಮ್ಮವರು. ಹಿಂದುಗಡೆ ಪೂರ್ತಿ ತಾಯಿ-ಮಗಳು.”

“ಓಹೋ,” ಅಂದಳು ಅಮ್ಮ, ಕೈ ನಿಲ್ಲಿಸದೆ. “ಈಗ ಗೊತ್ತಾಯ್ತಾ ನಿಂಗೆ?”

ನಾನು ಇನ್ನೊಂದು ಚಪ್ಪಲಿ ಬಿಡದೆಯೇ ಒಳಗೆ ಬಂದೆ.

“ಆ ಬಾವುಟದಮ್ಮ ಒಂದು ಗುಂಡಿ ಹಾಕೋಕೆ ಕೂತ್ರೂ ತನ್ನ ಬೆರಳನ್ನೇ ಹೊಲ್ಕೊಳ್ಳೋಳಂತೆ. ಸೂಜಿಗೆ ದಾರಾನೂ ಬೇರೆಯೋರೇ ಪೋಣಿಸಿ ಕೊಡಬೇಕು. ನಮ್ಮಜ್ಜಿ ಮಾಡಿ ತೋರಿಸೋರು ನೋಡು, ಕಣ್ಣು ಹಿಂಗೆ ಕಿರಿದು ಮಾಡಿ, ನಾಲಿಗೆ ಹೊರಗೆ ಹಾಕಿ... ನಕ್ಕೂ ನಕ್ಕೂ ನಮ್ಗೆಲ್ಲ ಹೊಟ್ಟೆ ನೋವು ಬರೋದು.”

“ಅಂದ್ರೆ ನಿಮ್ಗೆಲ್ಲ ಗೊತ್ತಿತ್ತಾ?”

“ಆಚೆ ದಡದಲ್ಲಿ ಯಾವ ಮುದುಕಿಗೆ ಗೊತ್ತಿಲ್ಲ ಹೇಳು? ಅಕ್ಕ ತಂಗಿ ಇಬ್ರು ಹೊಲಿದಿದ್ದು. ಒಂದು ರಾತ್ರಿ ಅಲ್ಲ, ಮೂರು ದಿನ. ದಾರ ಕೇಳೋಕೆ ಮೆಟ್ಟಿಲು ಹತ್ತಿ ಇಳಿದೇ ಒಂದು ದಿನ ಹೋಯ್ತಂತೆ.”

“ನಂಗ್ಯಾಕೆ ಹೇಳ್ಲಿಲ್ಲ?” ನನ್ನ ದನಿ ಏರಿತು. “ನಾನು ಅಲ್ಲಿ ನಿಂತ್ಕೊಂಡು ಒಂದೇ ಕೈ, ಒಂದೇ ಕೈ ಅಂತ ಅರಚ್ತಿದ್ರೆ ಚಪ್ಪಾಳೆ ತಟ್ತಿದ್ದೆಯಲ್ಲ!”

“ಒಂದು ಕಡೇನೂ ತಪ್ಪದೆ ಹೇಳಿದೆಯಲ್ಲೇ. ಅದಕ್ಕೆ ತಟ್ಟಿದೆ.” ಸಿಪ್ಪೆಯನ್ನು ಒಂದು ಕಡೆ ಒತ್ತರಿಸಿದಳು. “ಗೊತ್ತಿದ್ದಿದ್ರೆ ಅಷ್ಟು ಚೆನ್ನಾಗಿ ಬರ್ತಿತ್ತಾ ನಿನ್ ಬಾಯಲ್ಲಿ? ಗಂಟಲಲ್ಲಿ ಸಿಕ್ಕೊಳ್ಳೋದು. ಆಮೇಲೆ ಈಚೆ ಹೈಸ್ಕೂಲಿಗೆ ಯಾರು ಸೇರಿಸ್ಕೊಳ್ತಿದ್ರು?”

ನನಗೆ ಕೂರಲಾಗಲಿಲ್ಲ. ಒರೆಸಿದ್ದ ಒಲೆಯನ್ನೇ ಮತ್ತೆ ಒರೆಸಿದೆ. ಕಿಟಕಿ ತೆರೆದೆ, ಮುಚ್ಚಿದೆ. ದೇಶ ಸುಳ್ಳು ಹೇಳಿದ್ದಕ್ಕಿಂತ, ಮುತ್ತಜ್ಜಿಯ ಆ ನಗೆಯಲ್ಲಿ ನನಗೊಂದು ಪಾಲು ಇಡಲಿಲ್ಲವಲ್ಲ ಎಂಬುದೇ ಹೆಚ್ಚು ಚುಚ್ಚಿತು. ಒಂದು ಮನೆ ಪೂರ್ತಿ ನಗು ನುಂಗಿಕೊಂಡು ನನ್ನನ್ನು ಓದಿಸಿತ್ತು.

“ನಾಳೆ ಏನು ಕೆಲಸ?” ಅಮ್ಮ ಕೇಳಿದಳು.

“ಹೊಸ ಲೈನಿಂಗ್ ಹೊಲೀಬೇಕು.”

“ಅಂದ್ರೆ ಮತ್ತೆ ಮುಚ್ಚೋದು.”

“ಹೂಂ.”

ಅವಳು ಬಟಾಣಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು. “ನಿನ್ನ ಕೆಲಸ, ನಾನೇನೂ ಹೇಳಲ್ಲಪ್ಪ. ಮುಚ್ಚೋದಾದ್ರೆ ನೆಟ್ಟಗೆ ಮುಚ್ಚು. ಸೊಟ್ಟ ಹೊಲೀಬೇಡ.”

ನಮ್ಮ ಕೋಣೆಯಲ್ಲಿ ಪ್ರತಿ ವಸ್ತುವಿಗೂ ಒಂದು ಹಾಳೆ ಇರುತ್ತದೆ. ರಿಪೇರಿ ಮಾಡಿದವರು ತಾವು ಕಂಡದ್ದನ್ನು ಅದರಲ್ಲಿ ಬರೆಯಬೇಕು. ಮಂಗಳವಾರ ನಾನು ಐದು ಸಾಲು ಬರೆದೆ: ದಾರದ ಉದ್ದ, ಜೋಡಣೆಯ ಬಗೆ, ಅದನ್ನು ಯಾರು ಹಾಕುತ್ತಿದ್ದರು, ಯಾಕೆ. ಇಬ್ಬರ ಕೈಯ ಕೆಲಸ ಎಂದೂ ಬರೆದೆ. ಅಮ್ಮ ಹೇಳಿದ ಮೇಲೆ ನೋಡಿದರೆ, ಎಡಗಡೆಯ ಮೂರು ನಕ್ಷತ್ರಗಳ ಹೊಲಿಗೆ ಕೊಂಚ ಬಿಗಿಯಾಗಿತ್ತು.

ದೊಡ್ಡ ಮೇಡಂ ಹಾಳೆ ಓದಿದರು. ಭೂತಗನ್ನಡಿ ತೆಗೆದುಕೊಂಡು ಬಾವುಟದ ಮೇಲೆ ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು.

“ಇದು ನಿನ್ನ ಹೊಲಿಗೆ ಥರಾನೇ ಇದೆಯಲ್ಲಮ್ಮ,” ಎಂದರು. ಬಾಯಿಂದ ಬಿದ್ದ ಮೇಲೆ ಸರ್ರನೆ ನೆಟ್ಟಗಾದರು. “ಈಗ ಇದನ್ನೆಲ್ಲ ಬರೀಬೇಡ. ಸಮಾರಂಭ ಮುಗೀಲಿ. ಆಮೇಲೆ ನಿಧಾನಕ್ಕೆ ಒಂದು ಸಮಿತಿ ಮಾಡೋಣ.”

“ಆಮೇಲೆ ಅಂದ್ರೆ, ಲೈನಿಂಗ್ ಹೊಲಿದ ಮೇಲಾ ಮೇಡಂ?”

“ಲೈನಿಂಗ್ ಇಲ್ದೆ ಹೇಗೆ ನಿಲ್ಲತ್ತೆ? ನೂರು ವರ್ಷದ ಬಟ್ಟೆ.”

“ಬಲೆ ಬಟ್ಟೆ ಹಾಕೋಣ. ಹಳೇ ರೇಷ್ಮೆ ಪರದೆಗೆ ಹಾಕಿದ್ವಲ್ಲ, ಹಾಗೆ. ಆಸರೇನೂ ಆಗತ್ತೆ, ಹಿಂದುಗಡೇನೂ ಕಾಣ್ಸತ್ತೆ.”

“ಹಿಂದುಗಡೆ ಯಾರು ನೋಡ್ತಾರೆ?”

“ಪೆಟ್ಟಿಗೆ ಹಾಲಿನ ಮಧ್ಯ ಇರತ್ತಲ್ಲ ಮೇಡಂ. ಸುತ್ತು ಬಂದೋರು ನೋಡ್ತಾರೆ.”

ಅವರು ಕನ್ನಡಕ ತೆಗೆದು ಒರೆಸಿದರು. “ಒಂದೇ ಬಟ್ಟೆ ಕಣಮ್ಮ ಇದು. ಅದರಲ್ಲಿ ಯಾಕೆ ಆಚೆ ಈಚೆ...” ಎಂದು ಶುರುಮಾಡಿ, ನನ್ನ ಮುಖ ನೋಡಿ, ಉಳಿದದ್ದನ್ನು ನುಂಗಿಕೊಂಡರು. ಹಾಳೆಯನ್ನು ಮಾತ್ರ ತಮ್ಮ ಕಡತದೊಳಗೆ ಸೇರಿಸಿಕೊಂಡು ಹೋದರು.

ಬುಧವಾರ ನಾಲ್ಕು ಗಂಟೆಗೆ ಪೆಟ್ಟಿಗೆಯವರು ಬರುವುದಿತ್ತು. ಲೈನಿಂಗ್ ಬಟ್ಟೆ ಅಳತೆಗೆ ಕತ್ತರಿಸಿ, ಗುಂಡುಪಿನ್ನು ಚುಚ್ಚಿ, ಮೇಜಿನ ಮೇಲಿತ್ತು. ಜೊತೆಗಾರ್ತಿ ಹೆರಿಗೆ ರಜೆಯಲ್ಲಿದ್ದಳು. ಕೋಣೆಯಲ್ಲಿ ನಾನು, ದೊಡ್ಡ ಮೇಡಂ ಇಬ್ಬರೇ. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

“ಏನಮ್ಮ, ಮುಹೂರ್ತ ನೋಡ್ತಿದ್ದೀಯಾ?”

“ಬಲೆ ಬಟ್ಟೆ ಆದ್ರೆ ಈಗ್ಲೇ ಕೂರ್ತೀನಿ ಮೇಡಂ. ಇದನ್ನ ನಾನು ಹೊಲಿಯಲ್ಲ.”

“ನಿನ್ನ ಈ ವರ್ಷದ ಕಾಗದ ನನ್ನ ಟೇಬಲ್ ಮೇಲಿದೆ. ನೆನಪಿದೆ ತಾನೇ?”

“ಇದೆ.”

ನೆನಪಿತ್ತು. ಮನೆ ಬಾಡಿಗೆ, ಅಮ್ಮನ ಕಣ್ಣಿನ ಔಷಧಿ, ನಲವತ್ತೆಂಟನೇ ವಯಸ್ಸಿನಲ್ಲಿ ಇನ್ನೊಂದು ಬಾಗಿಲು ತಟ್ಟುವುದು, ಎಲ್ಲವೂ. ಆದರೂ ಕೈ ತೊಡೆ ಬಿಟ್ಟು ಏಳಲಿಲ್ಲ.

“ಆಯ್ತು. ನಾನೇ ಹೊಲೀತೀನಿ,” ಎಂದು ಅವರು ನನ್ನೆದುರಿನ ಕುರ್ಚಿ ಎಳೆದುಕೊಂಡರು. ಮುಖ್ಯಸ್ಥೆಯಾದ ಮೇಲೆ ಅವರು ಸೂಜಿ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಉಂಡೆಯಿಂದ ತೋಳುದ್ದ ದಾರ ಎಳೆದು ಕತ್ತರಿಸಿದರು. ಕನ್ನಡಕವನ್ನು ಹಣೆಗೇರಿಸಿದರು. ದಾರದ ತುದಿಯನ್ನು ತುಟಿಯಲ್ಲಿ ನೆನೆಸಿ, ಕಣ್ಣು ಕಿರಿದು ಮಾಡಿ, ಸೂಜಿಯ ಕಣ್ಣಿಗೆ ಗುರಿ ಹಿಡಿದರು. ತಪ್ಪಿತು. ಮತ್ತೆ ನೆನೆಸಿದರು. ಮತ್ತೆ ತಪ್ಪಿತು. ನಾಲಿಗೆಯ ತುದಿ ಹೊರಗೆ ಬಂದಿತ್ತು.

ಮೂರನೆಯ ಸಲವೂ ಆಗದಾಗ, ನನ್ನ ಕಡೆ ನೋಡದೆ, ಕೈಕೆಲಸವನ್ನೆಲ್ಲ ನನ್ನ ಕಡೆ ದೂಡುವ ಹದಿನಾಲ್ಕು ವರ್ಷದ ಅಭ್ಯಾಸದಿಂದ, ಸೂಜಿಯನ್ನೂ ದಾರವನ್ನೂ ಮೇಜಿನಾಚೆಗೆ ಚಾಚಿದರು. “ಪೋಣಿಸಿ ಕೊಡಮ್ಮ.”

ನನ್ನ ಬಲಗೈ ಆಗಲೇ ಎದ್ದಿತ್ತು. ನಾನು ಎತ್ತಲಿಲ್ಲ, ಅದೇ ಎದ್ದಿತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ತೊಡೆಗೆ ಒತ್ತಿಕೊಂಡೆ. ಕಿಟಕಿಯ ಕಟ್ಟೆಯ ಮೇಲೆ ಪಾರಿವಾಳವೊಂದು ಅತ್ತಿತ್ತ ನಡೆಯುತ್ತಿತ್ತು. ಅವರ ಕೈ ಚಾಚಿಯೇ ಇತ್ತು. ಕೊನೆಗೆ ಅವರು ತಲೆಯೆತ್ತಿದರು. ನನ್ನನ್ನು ನೋಡಿದರು, ತಮ್ಮ ಕೈ ನೋಡಿದರು, ನಮ್ಮಿಬ್ಬರ ನಡುವೆ ಬೋರಲಾಗಿ ಮಲಗಿದ್ದ ಬಾವುಟವನ್ನು ನೋಡಿದರು. ಕಿವಿಯವರೆಗೂ ಕೆಂಪಾದರು.

“ನೀವು ಇನ್ನು ಹೋಗಬಹುದು,” ಎಂದರು.

ಅವರು ನನಗೆ ‘ನೀವು’ ಎಂದದ್ದು ಅದೇ ಮೊದಲು. ನಾನು ನನ್ನ ಕತ್ತರಿ, ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ಗುರುವಾರ ಮನೆಯಲ್ಲಿ ಕೂರಲಾಗಲಿಲ್ಲ. ಅಮ್ಮನೇ ಹೊರಟು ನಿಂತಳು. “ನಡಿ, ನೂರು ವರ್ಷದಲ್ಲಿ ನಮ್ಮವರೂ ಒಂದ್ಸಲ ಟಿಕೆಟ್ ತಗೊಂಡು ನೋಡೋಣ.” ಗೇಟಿನಲ್ಲಿ ಕಾವಲುಗಾರ ನನ್ನ ಚೀಲ ತಡಕಿದ, ಇವತ್ತು ಅಮ್ಮನದನ್ನೂ ತಡಕಿದ. “ಇನ್ನೊಂದು ಜೇಬಿದೆ ನೋಡಪ್ಪ, ಅದನ್ನ ಯಾಕೆ ಬಿಟ್ಟೆ?” ಎಂದಳು ಅಮ್ಮ.

ಹಾಲಿನಲ್ಲಿ ಜನ ಜಾಸ್ತಿ. ಎಲ್ಲರೂ ಪೆಟ್ಟಿಗೆಯ ಮುಂದೆ. ಧ್ವನಿವರ್ಧಕದಲ್ಲಿ ಯಾವುದೋ ಶಾಲೆಯ ಮಗು ‘ಹೊಲಿದ ಕೈ ಒಂದೇ’ ಎಂದು ತಪ್ಪಿಲ್ಲದೆ ಹೇಳುತ್ತಿತ್ತು. ನಾನು ಅಮ್ಮನ ತೋಳು ಹಿಡಿದು ಹಿಂಬದಿಗೆ ಬಂದೆ. ಅಲ್ಲಿ ಯಾರೂ ಇರಲಿಲ್ಲ.

ಲೈನಿಂಗ್ ಇತ್ತು. ಆದರೆ ಅದು ಹೊಲಿಗೆಯಲ್ಲ, ತಾತ್ಕಾಲಿಕವಾಗಿ ಹಾಕುವಂಥ ಉದ್ದುದ್ದ ಟಾಕು. ಎಡಕ್ಕೊಂದು ಬಲಕ್ಕೊಂದು ವಾಲಿತ್ತು. ತೋಳುದ್ದದ ದಾರ ಅಲ್ಲಲ್ಲಿ ಸಿಕ್ಕುಬಿದ್ದು ಬಟಾಣಿ ಗಾತ್ರದ ಗಂಟುಗಳಾಗಿದ್ದವು. ಕೆಳಗಿನ ಒಂದು ಮೂಲೆಗೆ ಹೊಲಿಗೆಯೇ ಇರಲಿಲ್ಲ. ಬಟ್ಟೆ ಕಿವಿಯಂತೆ ಜೋತುಬಿದ್ದು, ಒಳಗೆ ದೋಣಿಯ ತುದಿ, ಅದರ ಅಂಚಿನಲ್ಲಿ ಒಂದೇ ಒಂದು ತಾಯಿ-ಮಗಳು ಕಾಣುತ್ತಿತ್ತು. ಹೊತ್ತು ಸಾಲದೆ ಬಿಟ್ಟರೋ, ಬೇಕೆಂದೇ ಬಿಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಮ್ಮ ಗಾಜಿಗೆ ಮೂಗು ತಾಗಿಸಿ ನೋಡಿದಳು. “ಥೂ! ಗಂಟು ನೋಡೇ, ಗಂಟು! ಯಾರೇ ಇದನ್ನ ಹೊಲಿದಿದ್ದು?” ಆಮೇಲೆ ಅವಳ ಭುಜ ಅಲುಗತೊಡಗಿತು. “ಈ ಸಲ ಬಾವುಟದಮ್ಮನೇ ಕೂತು ಹೊಲಿದಿರಬೇಕು ಕಣೇ!”

ಅವಳು ಬಾಯಿ ಬಿಟ್ಟು ನಕ್ಕಳು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು. ಮುಂದೆ ನಿಂತವರು ಕತ್ತು ಚಾಚಿದರು. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಏನು ನಗು ಎಂದು ನೋಡಲು ಹಿಂಬದಿಗೇ ಬಂದಳು, ಬೆಳ್ಳಗಿನವಳು, ಈಚೆಯವಳು. ಅಮ್ಮ ಅವಳಿಗೆ ಬೆರಳು ತೋರಿಸಿದಳು. “ಆ ಮೂಲೆ ನೋಡಮ್ಮ. ನಾಲ್ಕು ಬೆರಳಿಗೊಂದು ಜೋಡಣೆ. ಯಾಕೆ ಗೊತ್ತಾ?”

ಸಾರ್ವಜನಿಕ ಜಾಗದಲ್ಲಿ ಅಮ್ಮ ದನಿ ಎತ್ತಿದರೆ ಮೊಣಕೈ ತಿವಿದು ಸುಮ್ಮನಿರಿಸುವುದು ನನ್ನ ಹಳೆಯ ಅಭ್ಯಾಸ. ಕಾವಲುಗಾರ ನಮ್ಮ ಕಡೆಗೆ ಬರುತ್ತಿದ್ದ. ನಾನು ಮೊಣಕೈಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.